ಮಂಗಳವಾರದ ಸೋಡಾ

ಪರಮಾನಂದನಿಗೆ ಮೂವತ್ತು ತುಂಬಿತ್ತು. ಆದರೆ ನೋಡಿದವರು ಹದಿನೇಳರ ಮೇಲೆ ಒಂದೂ ಹೇಳುತ್ತಿರಲಿಲ್ಲ. ಐದಡಿಗಿಂತ ಎರಡು ಬೆರಳು ಹೆಚ್ಚಿನ ಎತ್ತರ, ಗಡ್ಡ ಮೀಸೆ ಮೂಡದ ನುಣುಪು ಮುಖ, ದನಿಯೂ ತೆಳು. ಬನಹಟ್ಟಿಯಲ್ಲಿ ಪವರ್‌ಲೂಮ್ ಮಗ್ಗ ರಿಪೇರಿ ಮಾಡುವವರಲ್ಲಿ ಅವನ ಕೈ ಪಳಗಿದ ಕೈ. ಓಡುವ ಮಗ್ಗದ ಸದ್ದು ಕೇಳಿಯೇ ಯಾವ ಭಾಗ ಸವೆದಿದೆ ಎಂದು ಹೇಳುತ್ತಿದ್ದ. ಆದರೂ ಹೊಸ ಕಾರ್ಖಾನೆಗೆ ಹೋದರೆ ಬಾಗಿಲಲ್ಲೇ, "ನಿಮ್ಮ ಮೇಸ್ತ್ರಿ ಎಲ್ಲಿ ತಮ್ಮಾ? ಅವರನ್ನ ಕಳಸು" ಎನ್ನುತ್ತಿದ್ದರು. ಬಸ್ಸಿನ ಕಂಡಕ್ಟರು ಕಾಲೇಜಿನ ಪಾಸು ಕೇಳುತ್ತಿದ್ದ. ಚುನಾವಣೆಯ ದಿನ ಮತಗಟ್ಟೆಯವರು ತಿರುಗಿ ತಿರುಗಿ ನೋಡುತ್ತಿದ್ದರು. ಹೀಗಾಗಿ ಅವನು ಓಟಿನ ಕಾರ್ಡನ್ನು ಸದಾ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ.

ಅವನು ಕೆಲಸ ಮಾಡುವ ಕಾರ್ಖಾನೆಗೆ ಮಂಗಳವಾರ ರಜೆ. ಆ ದಿನ ಸವೆದ ದಂಡ, ಹಲ್ಲು ಮುರಿದ ಗಾಲಿ ಏನಿದ್ದರೂ ಗೋಣಿ ಚೀಲದಲ್ಲಿ ಸುತ್ತಿಕೊಂಡು ಜಮಖಂಡಿಯ ಲೇತ್ ಅಂಗಡಿಗೆ ಒಯ್ಯುವುದು ಅವನ ರೂಢಿ. ಲೇತಿನವನು ಚೀಲ ಬಿಚ್ಚಿ ನೋಡಿ, "ಎರಡ ತಾಸ ಬಿಟ್ಟ ಬಾ" ಎನ್ನುತ್ತಿದ್ದ. ಆ ಎರಡು ತಾಸನ್ನು ಪರಮಾನಂದ ಬಸ್ ನಿಲ್ದಾಣದ ಬೆಂಚಿನ ಮೇಲೆ ಕಳೆಯುತ್ತಿದ್ದ.

ಎರಡು ಸಾವಿರದ ಏಳನೆಯ ಇಸವಿಯ ಏಪ್ರಿಲ್‌ನಲ್ಲಿ ಒಂದು ಮಂಗಳವಾರ ಅವನಿಗೆ ಆ ಬೆಂಚಿನ ಮೇಲೆ ಕೂರಲಾಗಲಿಲ್ಲ. ಹಿಂದಿನ ಸಂಜೆ ಮುಧೋಳದಿಂದ ಮಾತು ಬಂದಿತ್ತು. ಅಲ್ಲಿ ಕನ್ಯೆ ನೋಡಿ ಬಂದು ಎಂಟು ದಿನವಾಗಿತ್ತು. "ಹುಡುಗ ಛಲೋ ಅದಾನ. ಆದ್ರ ನಮ್ಮ ಹುಡುಗಿ ಮಗ್ಗಲಕ ನಿಂತ್ರ ತಮ್ಮ ಅಂತಾರ" ಎಂದು ಹೇಳಿ ಕಳಿಸಿದ್ದರು. ಇದು ನಾಲ್ಕನೆಯದು. ಅವನ ತಾಯಿ ಅನಸವ್ವ ರೊಟ್ಟಿ ಬಡಿಯುತ್ತ ಕೂತಿದ್ದಳು. ಬೆಳಗ್ಗೆ ಅವನು ಅವಳ ಮುಖ ನೋಡಲಾಗದೆ ಕೈಗೆ ಸಿಕ್ಕ ಅಂಗಿ ತೊಟ್ಟು ಹೊರಬಿದ್ದಿದ್ದ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಬಾರು ಇತ್ತು. ಪರಿಚಯದವರು ಯಾರೂ ಇಲ್ಲದ ಕಡೆ, ನೆರಳಿನಲ್ಲಿ, ಸುಮ್ಮನೆ ಕೂರಬೇಕು ಅನಿಸಿತ್ತು ಅವನಿಗೆ. ಒಳಗೆ ಹೋದ. ಮಧ್ಯಾಹ್ನ ಎರಡರ ಹೊತ್ತು. ಮೂರು ಟೇಬಲ್ಲಿಗೆ ಮಾತ್ರ ಜನ. ಕೌಂಟರಿನ ಹಿಂದೆ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಗ್ಲಾಸು ಒರೆಸುತ್ತಿದ್ದ. ಪೆಗ್ಗು ಅಳೆದು ಹಾಕುವವನೂ ಅವನೇ, ಟೇಬಲ್ಲಿಗೆ ತಂದಿಡುವವನೂ ಅವನೇ. ಎಡಗಾಲು ತುಸು ಎಳೆದುಕೊಂಡು ಬಾಗಿಲವರೆಗೆ ಬಂದ.

"ಅಪ್ಪನ್ನ ಕರಿಯಾಕ ಬಂದೀಯೇನು ತಮ್ಮಾ? ಹೆಸರ ಹೇಳು, ನಾ ಕರದ ಕಳಸತೇನಿ."

ಪರಮಾನಂದ ಹೊಸ್ತಿಲ ಬಳಿಯೇ ನಿಂತ. ಹತ್ತು ವರ್ಷದವನಿದ್ದಾಗ ಅವ್ವ ಕಳಿಸಿದಳೆಂದು ಬನಹಟ್ಟಿಯ ಒಂದು ಬಾರಿನ ಬಾಗಿಲಲ್ಲಿ ಅವನು ಹೀಗೇ ನಿಲ್ಲುತ್ತಿದ್ದ. 'ಚನಮಲ್ಲಪ್ಪ' ಎಂದು ಅಪ್ಪನ ಹೆಸರು ಹೇಳುತ್ತಿದ್ದ. ಒಳಗಿನವರು ನಗುತ್ತಿದ್ದರು. ಅಪ್ಪ ಸತ್ತು ಈಗ ಹದಿನೆಂಟು ವರ್ಷ.

"ಯಾರನ್ನೂ ಕರಿಯಾಕ ಬಂದಿಲ್ರಿ" ಎಂದ. "ನನಗ ಒಂದ ಬೀರ್ ಕೊಡ್ರಿ."

ಆ ಮನುಷ್ಯ ನಗಲಿಲ್ಲ. "ವಯಸ್ಸೆಷ್ಟು?" ಎಂದು ಕೇಳಿದ.

"ಮೂವತ್ತ."

"ಏನರ ಪುರಾವಾ ಐತೇನು?"

ಪರಮಾನಂದ ಕಿಸೆಗೆ ಕೈಹಾಕಿದ. ಕಾರ್ಡು ನಿನ್ನೆಯ ಅಂಗಿಯಲ್ಲಿ ಉಳಿದಿತ್ತು. "ಮರತ ಬಂದೇನ್ರಿ. ಖರೇನ ಮೂವತ್ತ ಅದಾವ."

"ಇರಬಹುದ್ರಿ. ನಾ ಸುಳ್ಳ ಅನ್ನಂಗಿಲ್ಲ" ಎಂದ ಆತ. "ಆದ್ರ ಹೋದ ತಿಂಗಳ ಕಾಲೇಜ್ ಹುಡುಗರಿಗಿ ಕೊಟ್ಟು ಮಾಲಕರು ದಂಡಾ ಕಟ್ಟಿ ಬಂದಾರ. ಕಾರ್ಡ್ ಇಲ್ಲದ ಕೊಡಾಕ ಬರಂಗಿಲ್ರಿ. ತಪ್ಪ ತಿಳಕೋಬ್ಯಾಡ್ರಿ."

ಬೀರು ಕೊಡಲಿಲ್ಲ ನಿಜ. ಆದರೆ 'ತಮ್ಮಾ' ಹೋಗಿ 'ರಿ' ಬಂದದ್ದನ್ನು ಪರಮಾನಂದ ಗಮನಿಸಿದ. ಕಾರ್ಡು ತೋರಿಸದೆ ಯಾರೂ ಅವನ ಮೂವತ್ತನ್ನು ಒಪ್ಪಿಕೊಂಡದ್ದಿಲ್ಲ. ಬಂದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಹಂಗಾರ ಒಂದ ಸೋಡಾ ಕೊಡ್ರಿ. ಸ್ವಲ್ಪ ಹೊತ್ತ ಕುಂದ್ರತೇನಿ."

ಆತ ನಿಂಬೆಹಣ್ಣು ಹಿಂಡಿ, ಉಪ್ಪು ಹಾಕಿದ ಸೋಡಾ ತಂದಿಟ್ಟ. ಜೊತೆಗೊಂದು ತಟ್ಟೆಯಲ್ಲಿ ಹುರಿದ ಶೇಂಗಾ, ಮೇಲೆ ಹೆಚ್ಚಿದ ಉಳ್ಳಾಗಡ್ಡಿ. "ಇದಕ್ಕ ವಯಸ್ಸ ಕೇಳಂಗಿಲ್ರಿ" ಎಂದು ಹೇಳಿ ಕೌಂಟರಿಗೆ ಹೋದ. ಹೋಗುವಾಗ ತಿರುಗಿ, "ಮುಂದಿನ ಸಲ ತರ್ರಿ ಮತ್ತ" ಎಂದ.

ಮುಂದಿನ ಮಂಗಳವಾರವೂ ಪರಮಾನಂದ ಮರೆತ. ಬೆಳಗ್ಗೆ ಬಸ್ಸು ತಪ್ಪುವ ಗಡಿಬಿಡಿ. ಬಾರಿನ ಬಾಗಿಲಿಗೆ ಬಂದಾಗಲೇ ನೆನಪಾದದ್ದು.

"ತಂದೀರೇನ್ರಿ?" ಎಂದ ಆತ ದೂರದಿಂದಲೇ.

"ಇಲ್ರಿ."

"ಸೋಡಾ?"

"ಸೋಡಾನ."

ಆ ದಿನ ಹೆಸರು ಗೊತ್ತಾಯಿತು. ಶಂಕರೆಪ್ಪ. ಲೇತಿನವನು ಆಗದೆಂದು ಮರಳಿಸಿದ ಕಬ್ಬಿಣದ ದಂಡ ಪರಮಾನಂದನ ಕಾಲ ಬಳಿಯ ಗೋಣಿ ಚೀಲದಿಂದ ಹೊರಚಾಚಿದ್ದನ್ನು ನೋಡಿ ಅವನೇ ಮಾತು ತೆಗೆದ. "ಮಗ್ಗದ್ದಲ್ಲೇನ್ರಿ ಇದು? ಯಾವೂರು?"

"ಬನಹಟ್ಟಿ."

"ನಾವು ರಬಕವಿಯವರು!" ಎಂದ ಶಂಕರೆಪ್ಪ. ಅವನ ಮುಖ ಮೊದಲ ಸಲ ಅರಳಿತು. ಇಪ್ಪತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವನಂತೆ ಅವನು. ಕುಣಿಯ ತಂಪಿಗೆ ಮೊಣಕಾಲು ಹಿಡಿಯಿತು. ಅಷ್ಟರಲ್ಲಿ ಕೈಮಗ್ಗದ ಸೀರೆ ಕೇಳುವವರೂ ಕಡಿಮೆಯಾದರು. "ನಿಮ್ಮ ಮಗ್ಗ ಓಡಾಕ ಹತ್ತಿದ್ವು, ನಮ್ಮವು ಕುಂತ್ವು" ಎಂದು ನಕ್ಕ. ಆ ನಗೆಯಲ್ಲಿ ಕಹಿ ಇರಲಿಲ್ಲ. ಹೆಂಡತಿ ತೀರಿಕೊಂಡ ವರ್ಷವೇ ಜಮಖಂಡಿಗೆ ಬಂದು ಈ ಕೆಲಸಕ್ಕೆ ನಿಂತವನು. ಹದಿನೈದು ವರ್ಷವಾಯಿತು. ಬಾರಿನ ಹಿಂದೆಯೇ ಒಂದು ಕೋಣೆ. ಬುಧವಾರ ರಜೆ. ಆ ದಿನ ರಬಕವಿಗೆ, ತಂಗಿಯ ಮನೆಗೆ ಹೋಗಿ ಬರುತ್ತಿದ್ದ. ತಾನು ಮಾತ್ರ ಒಂದು ಹನಿ ಮುಟ್ಟಿದವನಲ್ಲ.

ಮೂರನೆಯ ಮಂಗಳವಾರ ಪರಮಾನಂದನ ಕಿಸೆಯಲ್ಲಿ ಕಾರ್ಡು ಇತ್ತು.

"ತಂದೀರೇನ್ರಿ?" ಎಂದು ಶಂಕರೆಪ್ಪ ಕೇಳಿದ.

ಪರಮಾನಂದ ಕಿಸೆಯ ಮೇಲೆ ಕೈಯಿಟ್ಟು, "ಇಲ್ರಿ, ಮರತೆ" ಎಂದ.

ಹಾಗೇಕೆ ಅಂದೆ ಎಂದು ವಾಪಸು ಹೋಗುವಾಗ ಬಸ್ಸಿನಲ್ಲಿ ಯೋಚಿಸಿದ. ಕಾರ್ಡು ತೋರಿಸಿದರೆ ಬೀರು ಬರುತ್ತದೆ. ಬೀರು ಕೊಟ್ಟ ಮೇಲೆ ತಾನೂ ಉಳಿದವರಂತೆ ಒಂದು ಟೇಬಲ್ಲು. ಸೋಡಾ ಕುಡಿಯುವವನಾದರೆ ಶಂಕರೆಪ್ಪ ನಡುನಡುವೆ ಬಂದು ಎದುರಿನ ಕುರ್ಚಿಯ ಬೆನ್ನು ಹಿಡಿದು ನಿಂತು ಮಾತಾಡುತ್ತಾನೆ. ಪರಮಾನಂದನಿಗೆ ಬೇಕಾದದ್ದು ಅದು. ಬೀರಿನ ರುಚಿಯೂ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ.

ಹೀಗೆ ವಾರಗಳು ಹೋದವು. ಮಾತು ಮಗ್ಗದಿಂದ ಮನೆಗೆ ಬಂತು. ಒಂದು ದಿನ ಪರಮಾನಂದ ತನ್ನ ಅಪ್ಪನ ಸಂಗತಿ ಹೇಳಿದ. ಚನಮಲ್ಲಪ್ಪ ಕೆಟ್ಟವನಾಗಿರಲಿಲ್ಲ. ಕುಡಿದು ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಸುಮ್ಮನೆ ದಿನದಿನಕ್ಕೂ ಕಡಿಮೆಯಾಗುತ್ತ ಹೋದ. ಕಡೆಗೆ ಹೊಟ್ಟೆ ಉಬ್ಬಿ ಸತ್ತ.

"ನಮ್ಮಪ್ಪ ಇದರಾಗ ಏನ ಕಂಡಾನು ಅಂತ ಸಣ್ಣಾವ ಇದ್ದಾಗಿಂದ ತಲ್ಯಾಗ ಐತ್ರಿ" ಎಂದ ಪರಮಾನಂದ. "ಅವತ್ತ ಒಳಗ ಬಂದದ್ದು ಅದನ್ನ ನೋಡಾಕ ಇರಬೇಕು."

ಶಂಕರೆಪ್ಪ ಟೇಬಲ್ಲು ಒರೆಸುವುದನ್ನು ನಿಲ್ಲಿಸಿದ. "ನನಗ ತಿಳದಷ್ಟ ಹೇಳತೇನ್ರಿ. ಬಾಳ ಮಂದಿ ಮೊದಲ ದಿನ ಕುಡಿಯಾಕ ಬರಂಗಿಲ್ಲ. ಒಳಗ ಬಂದ ಕೂಡಲೆ ಯಾರರ 'ಏನ ಬೇಕ್ರಿ?' ಅಂತ ಕೇಳ್ತಾರಲ್ಲ, ಅದಕ್ಕ ಬರತಾರ. ಮನ್ಯಾಗ ಹಂಗ ಕೇಳವ್ರು ಇದ್ರೂ ಅವರಿಗಿ ಕೇಳಸಂಗಿಲ್ಲ. ಕುಡಿಯೂದು ಆಮ್ಯಾಲಿಂದು. ಅದು ಒಮ್ಮೆ ಹಿಡದ ಮ್ಯಾಲ ಬಿಡಂಗಿಲ್ಲ."

ಪರಮಾನಂದ ಬಹಳ ಹೊತ್ತು ಗ್ಲಾಸು ತಿರುಗಿಸುತ್ತ ಕೂತ. ಆ ದಿನ ಲೇತಿನವನು ಹೇಳಿದ ಹೊತ್ತು ಮೀರಿ ಹೋಗಿತ್ತು.

ಏಳನೆಯ ವಾರ ಅವನು ಬಂದು ಕೂತೊಡನೆ ಶಂಕರೆಪ್ಪ ಕೇಳದೆಯೇ ಒಂದು ಬೀರು ತಂದು ಎದುರಿಗಿಟ್ಟು ಮುಚ್ಚಳ ತೆಗೆದ.

"ಕಾರ್ಡ್?" ಎಂದ ಪರಮಾನಂದ ಗಾಬರಿಯಾಗಿ.

"ನಾಕ ವಾರದಿಂದ ನಿಮ್ಮ ಕಿಸೆದಾಗ ಕಾಣಾಕತ್ತೈತ್ರಿ. ತೆಳುವನ್ನ ಅಂಗಿ ಹಾಕ್ಕೊಂಡ ಬರತೀರಿ" ಎಂದ ಶಂಕರೆಪ್ಪ. "ತಗೀರಿ, ಒಮ್ಮೆ ನೋಡೇ ಬಿಡೋಣು."

ಪರಮಾನಂದ ಕಿವಿಯ ತನಕ ಕೆಂಪಾಗಿ ಕಾರ್ಡು ಕೊಟ್ಟ. ಶಂಕರೆಪ್ಪ ಅದನ್ನು ಬೆಳಕಿಗೆ ಹಿಡಿದ. ಫೋಟೋದಲ್ಲಿ ಮಸಿ ಬಳಿದಂತೆ ಒಂದು ಮುಖ. "ಅಲ್ರಿ, ಇದರಾಗ ನಿಮ್ಮ ಮುತ್ಯಾನ ಹಂಗ ಕಾಣತೀರಿ! ಇದನ್ನ ಮೊದಲ ತೋರಿಸಿದ್ರ ಮುದುಕ ಅಂತ ಕೈಹಿಡದ ಕುಂದ್ರಸತಿದ್ದೆ" ಎಂದ. ಇಬ್ಬರೂ ನಕ್ಕರು. ಪಕ್ಕದ ಟೇಬಲ್ಲಿನವರು ತಿರುಗಿ ನೋಡುವಷ್ಟು ನಕ್ಕರು. ಪರಮಾನಂದ ಅರ್ಧ ಬೀರು ಕುಡಿದ, ಉಳಿದದ್ದನ್ನು ಬಿಟ್ಟ. ಕಹಿ ಅನಿಸಿತ್ತು.

ಅವನು ಏಳುವಾಗ ಶಂಕರೆಪ್ಪ, "ಒಂದ ಮಾತ ಕೇಳಲೇನ್ರಿ? ಸಿಟ್ಟ ಆಗಬಾರದು" ಎಂದ.

ಅವನ ತಂಗಿ ಭಾಗವ್ವ ಗಂಡನನ್ನು ಕಳೆದುಕೊಂಡು ತವರಿಗೆ ಬಂದಾಗ ಅವಳ ಮಗಳು ಭಾಗ್ಯಾಳಿಗೆ ನಾಲ್ಕು ವರ್ಷ. ಬೆಳೆಸಿದವನು ಶಂಕರೆಪ್ಪನೇ. ಈಗ ಅವಳಿಗೆ ಇಪ್ಪತ್ತಾರು. ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. "ಕೈ ಛಲೋ ಐತಿ. ಬಾಯಿ ಸ್ವಲ್ಪ ಜೋರ. ಆದ್ರ ಎತ್ತರ ಅದಾಳ್ರಿ. ನಿಮಗಿಂತ ಒಂದ ಗೇಣ ಎತ್ತರ ಅದಾಳ. ಅದಕ್ಕ ಬಂದವರೆಲ್ಲಾ ಹೊಳ್ಳಿ ಹೋಗ್ಯಾರ. ಇನ್ನೊಂದ ಕಾರಣಾನೂ ಐತಿ." ಅವನು ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟ. "ಮಾವ ಬಾರಿನಾಗ ಅದಾನ ಅಂತ."

ಮುಂದಿನ ಬುಧವಾರ ಪರಮಾನಂದ ತಾಯಿಯನ್ನು ಕರೆದುಕೊಂಡು ರಬಕವಿಗೆ ಹೋದ. ತಾವಿಬ್ಬರೂ ಬಾರಿನಲ್ಲಿ ಪರಿಚಯವಾದದ್ದನ್ನು ಹೇಳುವುದು ಬೇಡ ಎಂದು ಶಂಕರೆಪ್ಪ ಬೇಡಿಕೊಂಡಿದ್ದ. ಹಾಗಾಗಿ ಭಾಗವ್ವ, "ನಮ್ಮಣ್ಣ ಜಮಖಂಡ್ಯಾಗ ಹೋಟೆಲಿನ್ಯಾಗ ಇರತಾನ್ರಿ" ಎಂದು ಪರಿಚಯಿಸಿದಳು. ಶಂಕರೆಪ್ಪ ನೆಲ ನೋಡುತ್ತ ನಮಸ್ಕಾರ ಮಾಡಿದ. ಪರಮಾನಂದನಿಗೆ ಅದು ಸರಿಬರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಭಾಗ್ಯಾ ಒಳಬಾಗಿಲಲ್ಲಿ ತಲೆ ಬಗ್ಗಿಸಿ ಬಂದು ಅವಲಕ್ಕಿಯ ತಟ್ಟೆ ಇಟ್ಟಳು. ಹಿರಿಯರು ಮಾತಾಡುತ್ತ ಕೂತಾಗ ಅವಳೂ ಪರಮಾನಂದನೂ ಅಂಗಳದ ಹೊಲಿಗೆ ಯಂತ್ರದ ಬಳಿ ನಿಂತರು. ಅವನು ಯಂತ್ರದ ಪಟ್ಟಿ ಸಡಿಲಾಗಿದ್ದನ್ನು ನೋಡಿ ಕೇಳದೆಯೇ ಬಗ್ಗಿ ಬಿಗಿಗೊಳಿಸಿದ.

"ಏಳ ವಾರ ಸೋಡಾ ಕುಡದವರು ನೀವ ಏನ್ರಿ?" ಎಂದಳು ಭಾಗ್ಯಾ ಸಣ್ಣ ದನಿಯಲ್ಲಿ.

"ಆರ ವಾರ್ರಿ. ಏಳನೇದು ಬೀರ್."

"ಹೆಂಗಿತ್ತು?"

"ಸೋಡಾನ ಛಲೋ ಇತ್ತು."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ನೇರ ಅವನ ಮುಖ ನೋಡಿ, "ನಾ ಎತ್ತರ ಅದೇನಿ. ಜನ ಏನರ ಅಂತಾರ" ಎಂದಳು.

"ನನ್ನ ಒಬ್ಬನ್ನ ನೋಡಿದ್ರೂ ಅಂತಾರ್ರಿ. ಇಬ್ಬರನ್ನ ಕೂಡಿ ನೋಡಿ ಅಂದ್ರ ಹಂಚಿಕೋಬಹುದು."

ಅನಸವ್ವನಿಗೆ ಹುಡುಗಿ ಹಿಡಿಸಿದಳು. ದಾರಿಯುದ್ದಕ್ಕೂ ಅವಳ ಹೊಲಿಗೆಯ ನಾಜೂಕನ್ನೇ ಹೊಗಳಿದಳು. ಆದರೆ ಮೂರನೆಯ ದಿನ ಓಣಿಯವಳೊಬ್ಬಳು ನೀರು ತುಂಬುವಾಗ ಹೇಳಿದಳು: "ಆ ಹುಡುಗಿ ಮಾವ ಯಾವ ಹೋಟೆಲಿನ್ಯಾಗೂ ಇಲ್ಲ. ಜಮಖಂಡಿ ಬಸ್ ಸ್ಟ್ಯಾಂಡಿನ ಹಿಂದ ಬಾರಿನಾಗ ಅದಾನ. ಮಂದಿಗಿ ಸೆರೆ ಹಾಕಿ ಕೊಡತಾನ."

ಅನಸವ್ವ ಕೊಡ ಅಲ್ಲೇ ಬಿಟ್ಟು ಮನೆಗೆ ಬಂದಳು. "ನಿನಗ ಗೊತ್ತಿತ್ತೇನು?" ಎಂದು ಮಗನನ್ನು ಕೇಳಿದಳು.

ಪರಮಾನಂದ ಸುಳ್ಳು ಹೇಳಲಿಲ್ಲ. ಎಲ್ಲ ಹೇಳಿದ. ಅವಳು ರಾತ್ರಿ ಊಟ ಮಾಡಲಿಲ್ಲ. ಬೆಳಗಾದ ಮೇಲೆ ಮಗ ಕೆಲಸಕ್ಕೆ ಹೋದದ್ದನ್ನು ನೋಡಿ, ಹೊಸ ಸೀರೆ ಉಟ್ಟು, ಜಮಖಂಡಿಯ ಬಸ್ಸು ಹತ್ತಿದಳು.

ಬಾರಿನ ಬಾಗಿಲು ಆಗಷ್ಟೇ ತೆರೆದಿತ್ತು. ಕುರ್ಚಿಗಳೆಲ್ಲ ಟೇಬಲ್ಲಿನ ಮೇಲೆ ಮಗುಚಿ ಕೂತಿದ್ದವು. ತೊಳೆದ ನೆಲ ಇನ್ನೂ ಹಸಿ. ಗಂಡನನ್ನು ಹುಡುಕಿಕೊಂಡು ಎಷ್ಟೋ ಸಲ ಬಾರಿನ ಹೊರಗೆ ನಿಂತಿದ್ದ ಅನಸವ್ವ ಹೊಸ್ತಿಲು ದಾಟಿ ಒಳಗೆ ಬಂದದ್ದು ಇದೇ ಮೊದಲು. ಶಂಕರೆಪ್ಪ ಅವಳನ್ನು ಕಂಡು ಒಂದು ಕ್ಷಣ ಕಲ್ಲಾದ. ಆಮೇಲೆ ಬೇಗ ಬೇಗ ಒಂದು ಕುರ್ಚಿ ಇಳಿಸಿ ಒರೆಸಿ ಬಾಗಿಲ ಬಳಿ ಗಾಳಿಯಾಡುವಲ್ಲಿ ಇಟ್ಟ.

"ಕುಂದರ್ರಿ ಅಕ್ಕಾರ."

ಅವಳು ಕೂತಳು. "ನಮ್ಮನಿಯವರು ಸತ್ತದ್ದು ಇದರಿಂದ, ಗೊತ್ತೈತೇನು ನಿಮಗ?" ಎಂದಳು.

"ಗೊತ್ತೈತ್ರಿ. ಪರಮಾನಂದ ಹೇಳ್ಯಾರ."

"ನಿಮ್ಮಂಥವರ ಯಾರೋ ಹಾಕಿ ಹಾಕಿ ಕೊಟ್ರು. ಒಬ್ಬರರ ಸಾಕು ಅನ್ನಲಿಲ್ಲ."

ಶಂಕರೆಪ್ಪ ಕೈಕಟ್ಟಿ ನಿಂತಿದ್ದ. "ಹೌದ್ರಿ. ನಾನೂ ಹಾಕಿ ಕೊಟ್ಟೇನಿ. ಹದಿನೈದ ವರ್ಷದಾಗ ಎಷ್ಟ ಮಂದಿಗಿ ಅಂತ ಹೇಳಲಿ? ಸಾಕು ಅಂತ ಕೆಲವರಿಗಿ ಅಂದೇನಿ. ಎಲ್ಲಾರಿಗೂ ಅಂದಿಲ್ಲ. ಅಂದಿದ್ರ ನನ್ನ ಕೆಲಸ ಉಳೀತಿರಲಿಲ್ಲ."

ಅವನು ವಾದಿಸುತ್ತಾನೆ, ತಾನು ನಾಲ್ಕು ಮಾತು ಆಡಿ ಎದ್ದು ಹೋಗುವುದು ಎಂದು ಅನಸವ್ವ ಬಸ್ಸಿನಲ್ಲಿ ಲೆಕ್ಕ ಹಾಕಿದ್ದಳು. ಆ ಲೆಕ್ಕ ತಪ್ಪಿತು.

"ನನ್ನ ಮಗ ಕುಡಿತಾನೇನು? ಖರೆ ಹೇಳ್ರಿ."

"ಆರ ವಾರ ಸೋಡಾ ಕುಡದಾರ. ಒಂದ ಸಲ ಬೀರ್ ಕೊಟ್ಟೇನಿ, ಅರ್ಧಾ ಬಿಟ್ಟ ಹ್ವಾದ್ರು. ಅದನ್ನೂ ನಾನ ತಂದಿಟ್ಟದ್ದು, ಅವರು ಕೇಳಿದ್ದಿಲ್ಲ. ಇಷ್ಟ ಐತ್ರಿ ಅಕ್ಕಾರ, ಇದರಾಗ ಹೆಚ್ಚು ಕಡಿಮಿ ಇಲ್ಲ."

ಹೇಳುತ್ತ ಹೇಳುತ್ತ ಅವನ ಕೈಗಳು ತಮ್ಮ ಪಾಡಿಗೆ ತಾವು ಒರೆಸುವ ಅರಿವೆಯನ್ನು ಮಡಚುತ್ತಿದ್ದವು. ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಒಮ್ಮೆ ಸವರಿ, ಮತ್ತೆ ಅರ್ಧಕ್ಕೆ. ಮಗ್ಗದಿಂದ ಇಳಿಸಿದ ಸೀರೆಯನ್ನು ನೇಕಾರರು ಮಡಚುವುದು ಹಾಗೆ. ಅನಸವ್ವನ ತಂದೆಯೂ ಕುಣಿಮಗ್ಗದವನೇ. ಅವಳು ಆ ಕೈಗಳನ್ನೇ ನೋಡಿದಳು.

"ಎಷ್ಟ ವರ್ಷ ನೇಯ್ದೀರಿ?"

"ಇಪ್ಪತ್ತ ಆತ್ರಿ."

"ಮೊಣಕಾಲ ಈಗೂ ನೋಯ್ತಾವೇನು?"

"ಚಳಿಗಾಲದಾಗ ಹೆಚ್ಚ್ರಿ."

ಹೊರಗೆ ಓಣಿಯಲ್ಲಿ ತರಕಾರಿಯವಳು ಕೂಗುತ್ತ ಹೋದಳು. ಶಂಕರೆಪ್ಪನೇ ಮಾತು ತೆಗೆದ. "ಅಕ್ಕಾರ, ನನ್ನ ಕೆಲಸ ನೋಡಿ ಹುಡುಗೀನ ಬಿಡಬ್ಯಾಡ್ರಿ. ಬೇಕಾದ್ರ ನಾ ಮದುವಿಗಿ ಬರಂಗಿಲ್ಲ. ಆರಾಮಿಲ್ಲ ಅಂತ ಹೇಳಿ ಇಲ್ಲೇ ಇರತೇನಿ. ಯಾರಿಗೂ ಗೊತ್ತಾಗಂಗಿಲ್ಲ."

"ಅಕ್ಕಿಕಾಳ ಹಾಕುವಾಗ ಹುಡುಗಿ ಹಿಂದ ಯಾರ ನಿಂದರತಾರು?"

ಸೋದರಮಾವ ಬೆನ್ನ ಹಿಂದೆ ನಿಲ್ಲದೆ ಅವರಲ್ಲಿ ಮದುವೆ ಆಗುವುದಿಲ್ಲ. ಅದು ಶಂಕರೆಪ್ಪನಿಗೂ ಗೊತ್ತು. ಅವನ ಕಣ್ಣು ತುಂಬಿ ಬಂದದ್ದನ್ನು ಕಂಡು ಅನಸವ್ವ ಮುಖ ಬೇರೆ ಕಡೆ ತಿರುಗಿಸಿದಳು.

"ನಾಕ ವರ್ಷದ ಕೂಸಿನ್ನ ತಂದು ಬೆಳಸಿ, ಮದುವಿ ದಿನ ಇಲ್ಲಿ ಕುಂದರತಾರಂತ. ಹೋಟೆಲ್ ಅಂತ ಯಾಕ ಹೇಳಿದ್ರಿ ನನಗ? ಅದು ಸಿಟ್ಟ ಬಂತು. ಉಳದದ್ದು..." ಎಂದು ನಿಲ್ಲಿಸಿದಳು. ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. "ನೀವು ಬರಬೇಕು. ಬಾರಿನಾಗ ಅದೇನಿ ಅಂತ ಹೇಳೇ ಬರಬೇಕು. ಆದ್ರ ನಂದು ಒಂದ ಮಾತೈತಿ. ಇನ್ನ ಮ್ಯಾಲ ನನ್ನ ಮಗ ಈ ಬಾಗಿಲಾಗ ಬಂದ್ರ, ಯಾವ ಕಾರ್ಡ್ ತೋರಿಸಿದ್ರೂ ಒಳಗ ಬಿಡಬಾರದು."

"ಬಿಡಂಗಿಲ್ರಿ" ಎಂದ ಶಂಕರೆಪ್ಪ.

"ಸೋಡಾಕೂ ಬಿಡಬಾರದು."

"ಸೋಡಾಕೂ ಇಲ್ರಿ."

ಅವಳು ಬೇಡವೆಂದರೂ ಕೇಳದೆ ಅವನು ಬಸ್ಸಿನ ತನಕ ಬಂದು ಕಿಟಕಿಯ ಬಳಿಯ ಜಾಗ ಹಿಡಿದು ಕೊಟ್ಟ.

ದೀಪಾವಳಿ ಕಳೆದ ಮೇಲೆ ರಬಕವಿಯಲ್ಲಿ ಮದುವೆಯಾಯಿತು. ಶಂಕರೆಪ್ಪ ಬಿಳಿ ಧೋತರ ಉಟ್ಟು, ಗುಲಾಬಿ ರುಮಾಲು ಸುತ್ತಿಕೊಂಡು ಭಾಗ್ಯಾಳನ್ನು ಕೈಹಿಡಿದು ಹಂದರಕ್ಕೆ ತಂದ. ಅಂತರಪಟದ ಆಚೆ ಪರಮಾನಂದನನ್ನು ಒಂದು ಮಣೆಯ ಮೇಲೆ ನಿಲ್ಲಿಸಬೇಕೆಂದು ಯಾರೋ ಹೇಳಿದರು. ಭಾಗ್ಯಾ ಅಲ್ಲಿಂದಲೇ, "ಬ್ಯಾಡ್ರಿ, ಇದ್ದಂಗ ಇರ್ಲಿ" ಎಂದಳು. ಹೆಂಗಸರು ನಕ್ಕರು. ಪರಮಾನಂದನೂ ನಕ್ಕ. ಅಕ್ಕಿಕಾಳು ಬಿದ್ದವು.

ಊಟದ ಹೊತ್ತಿಗೆ ಬನಹಟ್ಟಿಯ ನೂಲಿನ ವ್ಯಾಪಾರಿ ಅಂದಾನೆಪ್ಪ ಹೆಂಡತಿಯೊಂದಿಗೆ ಬಂದ. ಹಂದರದ ಬಾಗಿಲಲ್ಲಿ ಶಂಕರೆಪ್ಪ ನಿಂತು ಜನರನ್ನು ಪಂಕ್ತಿಗೆ ಕರೆಯುತ್ತಿದ್ದ. ಅಂದಾನೆಪ್ಪ ಅವನನ್ನು ಕಂಡವನೇ ಎಲ್ಲರಿಗೂ ಕೇಳುವಂತೆ, "ಏ ಶಂಕರೆಪ್ಪಾ! ನೀ ಏನ ಮಾಡಾಕತ್ತೀ ಇಲ್ಲಿ? ಇವತ್ತ ಬಾರ್ ಬಂದ್ ಏನು?" ಎಂದು ನಕ್ಕ.

ಹತ್ತಿರದವರು ತಿರುಗಿ ನೋಡಿದರು. ಶಂಕರೆಪ್ಪನ ಮುಖ ಬಿಳಿಚಿತು. ಅನಸವ್ವ ಒಳಗಿನಿಂದ ಬಂದು ಅವನ ಪಕ್ಕದಲ್ಲಿ ನಿಂತಳು.

"ಇವರು ನಮ್ಮ ಬೀಗರು. ಹುಡುಗಿ ಸೋದರಮಾವ" ಎಂದಳು ಅಂದಾನೆಪ್ಪನಿಗೆ. "ಹೌದು, ಜಮಖಂಡ್ಯಾಗ ಬಾರಿನಾಗ ಕೆಲಸ ಮಾಡತಾರ. ಅದಿರಲಿ, ನಿಮಗ ಇವರು ಹೆಂಗ ಪರಿಚಯ್ರಿ?"

ಅಂದಾನೆಪ್ಪನ ಹೆಂಡತಿ ಮೆಲ್ಲಗೆ ಗಂಡನ ಕಡೆ ತಿರುಗಿದಳು. ಅವನ ನಗೆ ಮುಖದ ಮೇಲೆಯೇ ಒಣಗಿತು.

"ನಾ ನೇಯುವಾಗ ಇವರ ಅಂಗಡ್ಯಾಗ ನೂಲ ತರತಿದ್ದೆ ಅಕ್ಕಾರ" ಎಂದ ಶಂಕರೆಪ್ಪ. "ಹಳೆ ಪರಿಚಯ. ಬರ್ರಿ ಅಂದಾನೆಪ್ಪನವರ, ಬರ್ರಿ ಅಕ್ಕಾ, ಎಲಿ ಹಾಕ್ಯಾರ. ಹೋಳಿಗಿ ಬಿಸಿ ಅದಾವ."

ಗಂಡ ಹೆಂಡತಿ ಇಬ್ಬರನ್ನೂ ಅವನೇ ಕರೆದೊಯ್ದು ಕೂರಿಸಿ, ತುಪ್ಪ ಹಾಕಿಸಿ ಬಂದ. ಅನಸವ್ವ ಅಲ್ಲೇ ಕಾಯುತ್ತಿದ್ದಳು.

"ನನಗ ಎಲ್ಲಾ ಖರೆ ಹೇಳಿದ್ರಿ. ಅವರ ಹೆಂಡತಿಗಿ ಯಾಕ ಸುಳ್ಳ ಹೇಳಿದ್ರಿ?"

ಶಂಕರೆಪ್ಪ ರುಮಾಲಿನ ತುದಿಯಿಂದ ಬೆವರು ಒರೆಸಿಕೊಂಡ. "ನೀವು ಕೇಳಾಕ ಅಂತ ಬಂದಿದ್ರಿ ಅಕ್ಕಾರ. ಆಕಿ ಮದುವಿ ಉಣ್ಣಾಕ ಬಂದಾಳ."

ಅನಸವ್ವ ಅವನನ್ನು ನೋಡಿದಳು. ಆಮೇಲೆ ಅವಳಿಗೆ ನಗು ಬಂತು. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡು, "ನಡೀರಿ, ನೀವೂ ಉಣ್ಣ್ರಿ. ಮುಂಜಾನಿಂದ ನಿಂತ ಅದೀರಿ" ಎಂದು ಅವನನ್ನು ಎಳೆದುಕೊಂಡೇ ಹೋದಳು.

ಅದಾದ ಮೇಲೆ ಪರಮಾನಂದ ಆ ಬಾರಿನೊಳಗೆ ಹೋಗಲಿಲ್ಲ. ಮಂಗಳವಾರ ಲೇತಿನವನಿಗೆ ಸಾಮಾನು ಕೊಟ್ಟು, ಓಣಿಯ ಬಾಯಲ್ಲಿ ನಿಂತು ಶಂಕರೆಪ್ಪನ ಮೊಬೈಲಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದ. ಶಂಕರೆಪ್ಪ ಹದಿನೈದು ನಿಮಿಷ ಬಿಡುವು ಮಾಡಿಕೊಂಡು ಬರುತ್ತಿದ್ದ. ಇಬ್ಬರೂ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ನಿಂತು ಚಹಾ ಕುಡಿಯುತ್ತಿದ್ದರು. ಬುಧವಾರ ಶಂಕರೆಪ್ಪ ಮೊದಲು ರಬಕವಿಗೆ, ಅಲ್ಲಿಂದ ಬನಹಟ್ಟಿಗೆ. ಅನಸವ್ವ ಅವನಿಗಾಗಿ ಕೋಸಂಬರಿ ಮಾಡಿಟ್ಟಿರುತ್ತಿದ್ದಳು.

ಮರುವರ್ಷ ಮಳೆ ಹಿಡಿದ ಒಂದು ಮಂಗಳವಾರ ಪರಮಾನಂದ ಚಹಾ ಆರಿದರೂ ಕುಡಿಯದೆ ನಿಂತಿದ್ದ.

"ಯಾಕ್ರಿ? ಮನ್ಯಾಗ ಎಲ್ಲಾ ಆರಾಮ ಅದಾರಿಲ್ಲೋ?" ಎಂದು ಶಂಕರೆಪ್ಪ ಕೇಳಿದ.

"ಆರಾಮ ಅದಾರ ಮಾಮಾ. ಭಾಗ್ಯಾಗ ಮೂರ ತಿಂಗಳ ಆತಂತ. ನಿನ್ನೆ ಡಾಕ್ಟರ್ ಹೇಳಿದ್ರು."

ಶಂಕರೆಪ್ಪ ಕಪ್ಪು ಕೆಳಗಿಟ್ಟ. ಪರಮಾನಂದನ ಎರಡೂ ಕೈ ಹಿಡಿದುಕೊಂಡು, ಮಳೆ ಸೂರಿನಿಂದ ಸುರಿಯುತ್ತಿದ್ದುದನ್ನೇ ನೋಡುತ್ತ ನಿಂತ. ಆಮೇಲೆ ಬಾರಿಗೆ ಹೋಗಿ ಮಾಲಕರಿಗೆ ಅರ್ಧ ದಿನದ ರಜೆ ಹೇಳಿ, ಕೊಡೆ ಹಿಡಿದು ಬಂದ. ಆ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಬನಹಟ್ಟಿಗೆ ಹೋದರು.